ದೇವೀರಮ್ಮನ ಹಿತ್ತಿಲಿಗೆ ಪುದೀನ ಬಂದದ್ದು

ಆ ಊರಿನ ಮಣ್ಣಿಗೆ ಒಂದು ಹಟವಿತ್ತು. ಬೇರೆ ಯಾವ ಗಿಡವನ್ನಾದರೂ ಅದು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಿತ್ತು. ಕರಿಬೇವಿನ ಸಸಿಯನ್ನು ಪಕ್ಕದೂರಿನಿಂದ ತಂದು ನೆಟ್ಟರೂ ಬೆಳೆಯುತ್ತಿತ್ತು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಚಿದರೆ ಮೊಳೆಯುತ್ತಿತ್ತು. ಒಂದೆಲಗವಂತೂ ಯಾರೂ ನೆಡದೆಯೇ ಬಚ್ಚಲ ನೀರಿನ ದಾರಿ ಹಿಡಿದು ಹಬ್ಬಿಕೊಳ್ಳುತ್ತಿತ್ತು. ಪುದೀನವನ್ನು ಮಾತ್ರ ಆ ಮಣ್ಣು ಸುಮ್ಮನೆ ಒಪ್ಪುತ್ತಿರಲಿಲ್ಲ. ಸಂತೆಯಲ್ಲಿ ಕೊಂಡ ಕಡ್ಡಿ ಮೂರು ದಿನಕ್ಕೆ ಕಪ್ಪಾಗುತ್ತಿತ್ತು. ಪ್ರೀತಿಯಿಂದ ಕೊಟ್ಟ ಕಡ್ಡಿ ನಾಲ್ಕು ದಿನಕ್ಕೆ. ಕದ್ದ ಕಡ್ಡಿ ಮನೆ ಸೇರುವಷ್ಟರಲ್ಲಿಯೇ ತಲೆ ಬಾಗಿಸಿಬಿಡುತ್ತಿತ್ತು. ನೀವು ಯಾರೊಂದಿಗೆ ಜಗಳವಾಡಿ ಮಾತು ಬಿಟ್ಟಿದ್ದೀರೋ ಅವರು, ತಮ್ಮ ಹಿತ್ತಿಲಿನ ಪುದೀನವನ್ನು ತಮ್ಮ ಉಗುರಿನಿಂದಲೇ ಚಿವುಟಿ, ತಮ್ಮ ಕೈಯಿಂದಲೇ ನಿಮ್ಮ ಕೈಯಲ್ಲಿ ಇಟ್ಟರೆ ಮಾತ್ರ ಆ ಕಡ್ಡಿ ಬೇರು ಬಿಡುತ್ತಿತ್ತು.

ಹಾಗಾದರೆ ಮೊಟ್ಟಮೊದಲ ಪುದೀನ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಊರಿನ ಹಿರಿಯರು ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುತ್ತಿದ್ದರು. ಅದರಿಂದ ಊರಿನಲ್ಲಿ ಪುದೀನ ಇನ್ನಷ್ಟು ಹೆಚ್ಚುತ್ತಿತ್ತು.

ಕಡ್ಡಿ ಕೇಳಲು ಬಂದವರಿಗೆ ಇಲ್ಲವೆನ್ನುವಂತಿರಲಿಲ್ಲ. ಆದರೆ ಎಳೆಯದನ್ನು ಕೊಡಬೇಕೋ ಒಣಗಿದ್ದನ್ನು ಕೊಡಬೇಕೋ ಎನ್ನುವುದು ಕೊಡುವವರ ಇಷ್ಟ. ಒಬ್ಬರ ಹಿತ್ತಿಲಿನ ಪುದೀನ ಇನ್ನೊಬ್ಬರ ಅಡುಗೆಮನೆಗೆ ಹೋದರೆ ಹುಲ್ಲಿನ ರುಚಿ ಕೊಡುತ್ತಿದ್ದುದರಿಂದ ಎರವಲು ತರುವುದಕ್ಕೂ ಅರ್ಥವಿರಲಿಲ್ಲ. ಹೀಗಾಗಿ ಆ ಊರಿನಲ್ಲಿ ಜನ ಮುತುವರ್ಜಿಯಿಂದ ಜಗಳವಾಡುತ್ತಿದ್ದರು, ಮುತುವರ್ಜಿಯಿಂದ ರಾಜಿಯಾಗುತ್ತಿದ್ದರು. ಯಾರ ಮನೆಯ ಹಿಂದೆ ನಿಂತು ಗಾಳಿ ಮೂಸಿದರೂ ಅವರು ಎಷ್ಟು ಜಗಳ ಕಂಡವರು, ಎಷ್ಟನ್ನು ದಾಟಿ ಬಂದವರು ಎಂದು ತಿಳಿಯುತ್ತಿತ್ತು.

ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಕೆಂಪಾಜಮ್ಮ. ಅವಳ ಹಿತ್ತಿಲಿನಲ್ಲಿ ಹದಿನಾಲ್ಕು ಪುದೀನದ ಮಡಿಗಳಿದ್ದವು. ಸೋರುವ ಕೊಡಪಾನ, ಹಿಡಿ ಹೋದ ಬಾಣಲೆ, ಅರ್ಧ ಒಡೆದ ಗುಡಾಣ, ಎಲ್ಲದರಲ್ಲೂ ಪುದೀನವೇ. ಪ್ರತಿಯೊಂದಕ್ಕೂ ಕಡ್ಡಿ ಕೊಟ್ಟವರ ಹೆಸರು. ಅಡುಗೆಮನೆಯಿಂದ ಅವಳು ಸೊಸೆಯನ್ನು ಕೂಗಿ, "ನಾದಿನಿಯನ್ನ ಒಂದು ಹಿಡಿ ಕಿತ್ತುಕೊಂಡು ಬಾರೇ, ಗಾಣದವನು ಇನ್ನೂ ಚಿಗುರಿಲ್ಲ" ಎನ್ನುವುದು ಬೀದಿಗೆಲ್ಲ ಕೇಳುತ್ತಿತ್ತು.

ಕೆಂಪಾಜಮ್ಮನ ಪಕ್ಕದ ಮನೆಯವಳೇ ದೇವೀರಮ್ಮ. ಅವಳ ಹಿತ್ತಿಲಿನಲ್ಲಿ ಎಲ್ಲವೂ ಇತ್ತು. ಬಸಳೆ ಚಪ್ಪರ ಹತ್ತಿತ್ತು, ಬದನೆ ಕಾಯಿ ಬಿಟ್ಟಿತ್ತು, ದೊಡ್ಡಪತ್ರೆಯ ಎಲೆಗಳು ಹಪ್ಪಳದಷ್ಟು ಅಗಲವಾಗಿದ್ದವು. ಬಚ್ಚಲ ನೀರು ಹರಿದು ಬರುವ ಕಡೆ, ಅರ್ಧ ಬಿಸಿಲು ಅರ್ಧ ನೆರಳು ಬೀಳುವ ಒಂದು ಮೂಲೆಯಿತ್ತು. ಪುದೀನಕ್ಕೆ ಹೇಳಿ ಮಾಡಿಸಿದಂಥ ಜಾಗ. ಆ ಮೂಲೆ ಖಾಲಿ ಇತ್ತು. ಏಕೆಂದರೆ ದೇವೀರಮ್ಮ ಹುಟ್ಟಿದಾಗಿನಿಂದ ಯಾರೊಂದಿಗೂ ಜಗಳವಾಡಿರಲಿಲ್ಲ.

ಯಾರು ಏನು ಕೇಳಿದರೂ ಅವಳು "ಅದಕ್ಕೇನಂತೆ" ಎನ್ನುತ್ತಿದ್ದಳು. ಒರಳು ಕೇಳಿದರೆ ಒರಳು, ಏಣಿ ಕೇಳಿದರೆ ಏಣಿ. ಏಣಿಯನ್ನು ತೆಗೆದುಕೊಂಡು ಹೋದವರು ಹಿಂದಿರುಗಿಸದೆ, ಮುಂದಿನ ವರ್ಷ ಅದೇ ಏಣಿಯನ್ನು ಅವಳಿಗೇ ಎರವಲು ಕೊಟ್ಟಾಗ, ದೇವೀರಮ್ಮ ಕೈಮುಗಿದು ಇಸಿದುಕೊಂಡಿದ್ದಳು. ಊರಿನವರಿಗೆ ಅವಳನ್ನು ಕಂಡರೆ ಬಹಳ ಇಷ್ಟ. ಜೊತೆಗೆ ಸ್ವಲ್ಪ ಕನಿಕರ. "ಪಾಪ, ಬಾಯಿ ತುಂಬ ನಗು, ಹಿತ್ತಿಲಲ್ಲಿ ಪುದೀನ ಇಲ್ಲ" ಎನ್ನುತ್ತಿದ್ದರು, ಮಕ್ಕಳಿಲ್ಲದವರ ಬಗ್ಗೆ ಹೇಳುವ ಹಾಗೆ.

ಮಕ್ಕಳಿರಲಿಲ್ಲ ಎಂದೇನಿಲ್ಲ. ಹೊನ್ನಿ ಎಂಬ ಒಬ್ಬಳೇ ಮಗಳು. ಅವಳನ್ನು ಕೆರೆಯ ಆಚೆ ದಡದ ಕೇರಿಗೆ ಮದುವೆ ಮಾಡಿಕೊಟ್ಟು ಎರಡು ವರ್ಷವಾಗಿತ್ತು. ಈಗ ಅವಳಿಗೆ ಐದು ತಿಂಗಳು. ಒಂದು ಮಧ್ಯಾಹ್ನ ಕೆರೆಯ ಏರಿ ದಾಟಿ ತವರಿಗೆ ಬಂದವಳು, ಹಿತ್ತಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತು ಹೇಳಿದಳು:

"ಅವ್ವ, ನಂಗೆ ಪುದೀನ ಚಟ್ನಿ ತಿನ್ನಬೇಕು ಅನ್ನಿಸ್ತಿದೆ."

"ಅದಕ್ಕೇನಂತೆ. ನಿಮ್ಮ ಹಿತ್ತಿಲಲ್ಲೇ ಇದೆಯಲ್ಲ ಮಗಳೇ, ನಿನ್ನ ಓರಗಿತ್ತಿ ಕೊಟ್ಟಿದ್ದು."

"ಅದಲ್ಲ. ನಿನ್ನ ಹಿತ್ತಿಲದ್ದು. ನೀನು ಬೆಳೆದು, ನೀನೇ ಅರೆದಿದ್ದು."

ದೇವೀರಮ್ಮ ನಕ್ಕಳು. ಹೊನ್ನಿ ನಗಲಿಲ್ಲ. ಬಸುರಿಯ ಬಯಕೆಯನ್ನು ಆ ಊರಿನಲ್ಲಿ ಯಾರೂ ಹಗುರವಾಗಿ ಕಾಣುತ್ತಿರಲಿಲ್ಲ. ಏಳನೆಯ ತಿಂಗಳಲ್ಲಿ ಬಳೆ ತೊಡಿಸುವ ದಿನದೊಳಗೆ ತಾಯಿಯ ಮನೆಯವರು ಬಯಕೆ ತೀರಿಸಬೇಕು. ಇಲ್ಲದಿದ್ದರೆ ಹುಟ್ಟುವ ಮಗು ಮುನಿಸಿಕೊಂಡೇ ಹುಟ್ಟುತ್ತದೆ, ಮೂರು ವರ್ಷ ಯಾರೊಂದಿಗೂ ಮಾತಾಡುವುದಿಲ್ಲ. ಅಂಥ ಮಕ್ಕಳು ಊರಿನಲ್ಲಿ ಇಬ್ಬರಿದ್ದರು. ಅವರು ಗೋಡೆಗೆ ಮುಖ ಮಾಡಿ ಕುಳಿತಿರುವುದನ್ನು ದೇವೀರಮ್ಮ ಕಂಡಿದ್ದಳು.

ಹೊನ್ನಿ ಹೊರಟ ಮೇಲೆ ಅವಳು ಗಂಡ ಶಂಭಯ್ಯನ ಬಳಿ ಹೋಗಿ ನಿಂತಳು. ಅವನು ಪಡಸಾಲೆಯಲ್ಲಿ ಚಾಪೆ ಹೆಣೆಯುತ್ತಿದ್ದ.

"ನಂಗೆ ಜಗಳ ಆಡೋದು ಹೇಳ್ಕೊಡಿ" ಎಂದಳು.

ಶಂಭಯ್ಯನಿಗೂ ಅಂಥ ಅಭ್ಯಾಸವಿರಲಿಲ್ಲ. ಆದರೂ ಮಗಳ ಬಯಕೆಯೆಂದು ಚಾಪೆಯನ್ನು ಬದಿಗಿಟ್ಟು, ಗಂಟಲು ಸರಿಮಾಡಿಕೊಂಡ. "ನೀನು ಮಾಡಿದ ಸಾರು ಬರೀ ನೀರು!"

"ಹೌದಾ? ನಾಳೆ ಗಟ್ಟಿ ಮಾಡ್ತೀನಿ."

"ಹಾಗಲ್ಲ ಮಾರಾಯ್ತಿ. 'ಬೇಕಿದ್ರೆ ತಿಂದು ಬಿದ್ದಿರಿ' ಅನ್ನಬೇಕು."

"ಬೇಕಿದ್ರೆ ತಿಂದು..." ದೇವೀರಮ್ಮ ಉಸಿರೆಳೆದುಕೊಂಡಳು. "ತಿಂದು ಸ್ವಲ್ಪ ಹೊತ್ತು ಮಲಗಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಪಾಠ ಅಲ್ಲಿಗೇ ಮುಗಿಯಿತು.

ಮರುದಿನ ಅವಳು ದರ್ಜಿಯ ಅಂಗಡಿಗೆ ಹೋದಳು. ಹೊಸ ರವಿಕೆಯ ತೋಳು ನಿಜವಾಗಿಯೂ ಬಿಗಿಯಾಗಿತ್ತು. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ರವಿಕೆಯನ್ನು ಹೊಲಿಗೆ ಯಂತ್ರದ ಮೇಲೆ ಎಸೆದಳು. ಎಸೆದದ್ದು ತೀರ ಮೆಲ್ಲಗಾದ್ದರಿಂದ ಅದು ಮಡಿಸಿಟ್ಟ ಹಾಗೆ ಬಿತ್ತು.

"ಏನ್ರೀ ಇದು, ತೋಳಾ ಇದು?"

"ಅಯ್ಯೋ, ತಪ್ಪಾಯ್ತು ತಾಯಿ. ಈಗಲೇ ಬಿಚ್ಚಿ ಹೊಲೀತೀನಿ" ಎಂದ ದರ್ಜಿ.

"ಬಿಚ್ಚಬೇಡಿ! ತಪ್ಪಾಯ್ತು ಅನ್ನಬೇಡಿ! 'ನಿಮ್ಮ ತೋಳೇ ದಪ್ಪ' ಅನ್ನಿ."

ದರ್ಜಿಗೆ ವಿಷಯ ಅರ್ಥವಾಯಿತು. ಪುದೀನವಿಲ್ಲದ ದೇವೀರಮ್ಮ ಜಗಳಕ್ಕೆಂದು ಊರಿನಲ್ಲಿ ಮೊದಲು ಬಂದದ್ದು ತನ್ನ ಅಂಗಡಿಗೆ ಎಂದು ಅವನ ಕಣ್ಣು ತುಂಬಿಬಂತು. "ನಿಮ್ಮ ತೋಳು..." ಎಂದ. ಹಿಂದೊಮ್ಮೆ ಅವನು ಸನ್ನಿಪಾತ ಜ್ವರದಿಂದ ಮಲಗಿದ್ದಾಗ ಇದೇ ತೋಳು ಹನ್ನೆರಡು ದಿನ ಗಂಜಿ ಹೊತ್ತು ತಂದಿತ್ತು. "ನಿಮ್ಮ ತೋಳಿಗೆ ನಾನು ಏನೂ ಅನ್ನಲಾರೆ ತಾಯಿ. ಜಗಳ ಆಯ್ತು ಅಂತ ಇಟ್ಕೊಳ್ಳೋಣ" ಎಂದು ಹಿತ್ತಿಲಿಗೆ ಹೋಗಿ ಒಂದು ಒಳ್ಳೆಯ ಕಡ್ಡಿಯನ್ನು ಚಿವುಟಿ ತಂದುಕೊಟ್ಟ.

ದೇವೀರಮ್ಮ ಅದನ್ನು ಲೋಟದ ನೀರಿನಲ್ಲಿ ನಿಲ್ಲಿಸಿದಳು. ಮೊದಲ ದಿನ ಹಸಿರಾಗಿತ್ತು. ಎರಡನೆಯ ದಿನ ಯೋಚನೆಗೆ ಬಿದ್ದಂತಿತ್ತು. ಮೂರನೆಯ ದಿನ ಕಪ್ಪಾಯಿತು. ಆ ಮಣ್ಣಿಗೆ, ಆ ನೀರಿಗೆ ಕೂಡ, 'ಇಟ್ಕೊಳ್ಳೋಣ' ಎನ್ನುವ ಜಗಳ ನಡೆಯುತ್ತಿರಲಿಲ್ಲ.

ಆಗ ಕೆಂಪಾಜಮ್ಮ ತಾನೇ ಮುಂದೆ ಬಂದಳು. ಒಂದು ಬೆಳಗ್ಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ಮುಂದೆ ನಿಂತು ಬೀದಿಯೆಲ್ಲ ಕೇಳುವ ಹಾಗೆ ಕೂಗಿದಳು:

"ಏ ದೇವೀರಿ! ನಿಮ್ಮ ಕೋಳಿ ನಮ್ಮ ಹಿತ್ತಿಲನ್ನೆಲ್ಲ ಕೆದರಿ ಹಾಕಿದೆ, ಕೇಳೋರು ಹೇಳೋರು ಯಾರೂ ಇಲ್ವಾ?"

"ನಮ್ಮಲ್ಲಿ ಕೋಳಿ ಇಲ್ಲವಲ್ಲ ಅಕ್ಕ."

"ಅದು ನಂಗೂ ಗೊತ್ತು ಕಣೇ! ಅದನ್ನೇ ಕೂಗಿ ಹೇಳು!"

ದೇವೀರಮ್ಮ ಬಾಯಿ ತೆರೆದಳು. ಕೂಗಬೇಕಾದ ಮಾತು ಎಲ್ಲೋ ಎದೆಯ ಹತ್ತಿರ ಬಂದು, ಬಾಗಿಲು ಕಾಣದೆ ಹಿಂದಕ್ಕೆ ಹೋಯಿತು. "ಬಿಸಿಲಲ್ಲಿ ನಿಂತಿದ್ದೀರಿ. ಒಂದು ಲೋಟ ಮಜ್ಜಿಗೆ ಕುಡೀತೀರಾ?" ಎಂದಳು.

ಕೆಂಪಾಜಮ್ಮ ಮಜ್ಜಿಗೆ ಕುಡಿದಳು. ಕುಡಿದು ಲೋಟ ಕೆಳಗಿಟ್ಟು, "ನಲವತ್ತು ವರ್ಷದಿಂದ ಜಗಳ ಆಡ್ತಾ ಬಂದಿದ್ದೀನಿ. ಇಂಥ ಕಲ್ಲುನೆಲ ನೋಡಿರಲಿಲ್ಲ" ಎಂದು ತಲೆಯ ಮೇಲೆ ಕೈಹೊತ್ತು ಕುಳಿತಳು.

ಹೀಗೆ ಒಂದು ತಿಂಗಳು ಕಳೆಯಿತು. ಹೊನ್ನಿ ನಾಲ್ಕು ದಿನ ಇದ್ದು ಹೋಗಲು ತವರಿಗೆ ಬರುವವಳಿದ್ದಳು. ದೇವೀರಮ್ಮನಿಗೆ ಬೇರೆ ದಾರಿ ಹೊಳೆಯಲಿಲ್ಲ. ಕೆಂಪಾಜಮ್ಮನ ಹಿತ್ತಿಲಿನಿಂದ ಒಂದು ಹಿಡಿ ಪುದೀನ ತಂದಳು. ಹುರಿಗಡಲೆ, ಹಸಿಮೆಣಸು, ಒಂದು ಚೂರು ಹುಣಸೆ, ತೆಂಗಿನ ತುರಿ ಹಾಕಿ ನುಣ್ಣಗೆ ಅರೆದಳು. ರುಚಿ ಬಾರದೆಂದು ಗೊತ್ತಿದ್ದುದರಿಂದ ಒಗ್ಗರಣೆಗೆ ಇಂಗು ಜಾಸ್ತಿ ಹಾಕಿದಳು. ಬಿಸಿ ರೊಟ್ಟಿಯ ಪಕ್ಕದಲ್ಲಿ ಹಸಿರು ಮುದ್ದೆಯ ಹಾಗೆ ಬಡಿಸಿ, ನಗುತ್ತ ಮಗಳ ಮುಂದೆ ಕುಳಿತಳು.

ಹೊನ್ನಿ ಒಂದು ತುತ್ತು ತಿಂದಳು. ಅಗಿದಳು. ನಿಲ್ಲಿಸಿದಳು.

"ಎಲ್ಲೀದು ಅವ್ವ ಇದು?"

"ನಮ್ಮ ಹಿತ್ತಿಲದೇ."

"ಸುಳ್ಳು."

ದೇವೀರಮ್ಮ ಮುಗುಳ್ನಕ್ಕಳು. ಆ ನಗುವೇ ಅನಾಹುತಕ್ಕೆ ಕಾರಣವಾಯಿತು.

"ನಗಬೇಡ!" ಎಂದು ಹೊನ್ನಿ ತಟ್ಟೆಯನ್ನು ದೂಡಿದಳು. "ಏನು ಹೇಳಿದ್ರೂ ನಗ್ತೀಯ. ನನ್ನ ಆಡಿನ ಮರಿ ಕೊಟ್ಟ ದಿನಾನೂ ಹೀಗೇ ನಕ್ಕೆ. ಯಾರೋ ದಾರೀಲಿ ಹೋಗೋರು 'ಮರಿ ಚೆನ್ನಾಗಿದೆ' ಅಂದ್ರು, 'ಅದಕ್ಕೇನಂತೆ, ತಗೊಂಡು ಹೋಗಿ' ಅಂದೆ. ನಾನು ಕಿಟಕೀಲಿ ನಿಂತಿದ್ದೆ. ಅದು ಹೋಗ್ತಾ ಹೋಗ್ತಾ ನನ್ನ ಕಡೇನೇ ತಿರುಗಿ ತಿರುಗಿ ಕೂಗ್ತಿತ್ತು."

"ಅಯ್ಯೋ, ಅದು ಎಷ್ಟು ವರ್ಷದ..."

"ನನ್ನ ಕೆಂಪು ಲಂಗ ಕೊಟ್ಟೆ. ನನ್ನ ಉಯ್ಯಾಲೆ ಹಗ್ಗ ಕೊಟ್ಟೆ. ಕೊನೇಗೆ ನನ್ನನ್ನೂ ಕೊಟ್ಟೆ. ಬೀಗಿತಿ ಬಂದು ಈ ಚಾಪೆ ಮೇಲೆ ಕೂತು 'ನಿಮ್ಮ ಹುಡುಗೀನ ಕೊಡಿ' ಅಂದ್ರು. ನೀನು ಒಳಗೆ ಬಂದು ನನ್ನ ಮುಖಾನೂ ನೋಡಲಿಲ್ಲ. ಅಲ್ಲೇ 'ಅದಕ್ಕೇನಂತೆ' ಅಂದೆ. ಏಣಿ ಕೊಟ್ಟ ಹಾಗೆ!"

ಪಡಸಾಲೆಯಲ್ಲಿ ಶಂಭಯ್ಯನ ಕೈ ನಿಂತಿತು. ದೇವೀರಮ್ಮನ ಮುಖದ ನಗು ಅಲ್ಲೇ ಇತ್ತು, ಆದರೆ ಅದನ್ನು ಹಿಡಿದು ನಿಲ್ಲಿಸಿದ್ದ ಯಾವುದೋ ದಾರ ತುಂಡಾಗಿತ್ತು. ಮೊದಲು ತುಟಿ ನಡುಗಿತು, ಆಮೇಲೆ ಗದ್ದ. ಆಮೇಲೆ ಐವತ್ತೆರಡು ವರ್ಷದಿಂದ ಬಾಗಿಲು ಕಾಣದೆ ತಿರುಗಾಡುತ್ತಿದ್ದ ಮಾತು ಬಾಗಿಲು ಒಡೆದುಕೊಂಡೇ ಹೊರಗೆ ಬಂತು.

"ನಿಂಗೆ ಬಾಯಿ ಇರಲಿಲ್ವಾ?" ಎಂದು ಅವಳು ಕೂಗಿದಳು. ದನಿ ಸೂರಿಗೆ ತಗುಲಿತು. "ಮರಿ ಕೊಡಬೇಡ ಅವ್ವ ಅಂತ ಒಂದು ಸಲ ಹೇಳಿದ್ಯಾ? ಕಿಟಕೀಲಿ ನಿಂತು ನೋಡಿದೆಯಂತೆ! ನಾನೇನು ಬೆನ್ನಲ್ಲಿ ಕಣ್ಣಿಟ್ಟುಕೊಂಡಿದ್ದೀನಾ? ಬೀಗಿತಿ ಕೇಳಿದಾಗ ನೀನು ಒಳಗೆ ಸುಮ್ಮನೆ ನಿಂತಿದ್ದೆ, ನಾನು ತಲೆ ಆಡಿಸಿದೆ. ಇಬ್ಬರಲ್ಲಿ ಒಬ್ಬರಾದ್ರೂ ಊಹೂಂ ಅನ್ನಬೇಕಿತ್ತು. ಅದು ನಾನೇ ಯಾಕೆ ಆಗಬೇಕಿತ್ತು? ಎಲ್ಲಾನೂ ನಾನೇ ಯಾಕೆ ಹೇಳಬೇಕು? ಪುದೀನ ಬೇಕಂತೆ ಪುದೀನ! ಒಂದು ತಿಂಗಳಿಂದ ಊರೆಲ್ಲ ಅಲೆದು ಮಾನ ಕಳ್ಕೊಂಡಿದ್ದೀನಿ ನಿನ್ನ ಪುದೀನಕ್ಕೆ. ಹೋಗು! ನಿಮ್ಮ ಮನೇದೇ ತಿನ್ನು!"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೈ ಚಾಚಿದಳು. ಆದರೆ ಹೊನ್ನಿ ಆಗಲೇ ಎದ್ದು ಬಟ್ಟೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಿದ್ದಳು. ಮಧ್ಯಾಹ್ನದ ಉರಿಬಿಸಿಲು. ಶಂಭಯ್ಯ ಕೊಡೆ ಹಿಡಿದುಕೊಂಡು ಹಿಂದೆ ಓಡಿದ. ಕೆರೆಯ ಏರಿಯ ಮೇಲೆ ಮುಂದೆ ಮಗಳು, ಹಿಂದೆ ಕೊಡೆ, ಹೀಗೆ ಎರಡು ಚುಕ್ಕೆಗಳು ಚಿಕ್ಕದಾಗುತ್ತ ಹೋದುದನ್ನು ದೇವೀರಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮರುದಿನ ಬೆಳಗಾಗುತ್ತಲೇ ಜನ ಬರತೊಡಗಿದರು. ಗಾಣದವನು ಒಂದು ಚಿಪ್ಪು ಬಾಳೆಹಣ್ಣು ತಂದ. ದರ್ಜಿ ಹೊಸ ರವಿಕೆ ಬಟ್ಟೆ ತಂದ. ಹೆಂಗಸರು ಅರಿಶಿನ ಕುಂಕುಮ ತಂದರು.

"ಅಂತೂ ಆಡಿದಿರಂತೆ!"

"ಬೀದಿ ಕೊನೆ ತನಕ ಕೇಳಿಸ್ತಂತೆ! ಎಂಥಾ ದನಿ!"

"ನಮ್ಮ ಮನೆಯವರು ಹೇಳಿದ್ರು, ತಟ್ಟೇನೂ ದೂಡಿದ್ರಂತೆ ಮಗಳು. ಒಳ್ಳೇದಾಯ್ತು, ಬೇರು ಗಟ್ಟಿ ಬರುತ್ತೆ."

ದೇವೀರಮ್ಮ ಎಲ್ಲರಿಗೂ ಮಣೆ ಹಾಕಿದಳು. ಎಲ್ಲರಿಗೂ ಕಾಫಿ ಕೊಟ್ಟಳು. ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಳು. ಬಂದವರು ಅದನ್ನೂ ಶುಭವೆಂದೇ ಎಣಿಸಿ ಕುಡಿದುಹೋದರು. ಎಲ್ಲರೂ ಹೋದ ಮೇಲೆ ಅವಳು ಒಲೆಯ ಮುಂದೆ ಕುಳಿತು ಅತ್ತಳು. ಅಳುವ ನಡುವೆಯೇ ಹೊನ್ನಿಗೆ ಹೇಳಬೇಕಾಗಿದ್ದ ಇನ್ನೂ ನಾಲ್ಕು ಮಾತು ನೆನಪಾಗಿ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗಿ ಮತ್ತೆ ಅತ್ತಳು. ಊರಿನವರೆಲ್ಲ ಇದನ್ನು ಚಿಕ್ಕಂದಿನಿಂದ ಸ್ವಲ್ಪಸ್ವಲ್ಪವಾಗಿ ಕಲಿತಿದ್ದರು. ಅವಳಿಗೆ ಒಟ್ಟಿಗೇ ಬಂದಿತ್ತು.

ಮೂರನೆಯ ದಿನ ಅವಳು ಕೆಂಪಾಜಮ್ಮನ ಮನೆಗೆ ಹೋದಳು.

"ಜಗಳ ಆಡೋದು ಬಂತು ಅಕ್ಕ. ಮುಗಿಸೋದು ಬರ್ತಿಲ್ಲ. ಈಗಲೇ ಹೋಗಿ ಕಡ್ಡಿ ಕೇಳಲಾ?"

ಕೆಂಪಾಜಮ್ಮ ಗುಡಾಣದ ಪುದೀನದ ತುದಿ ಚಿವುಟುತ್ತಿದ್ದಳು. ತುದಿ ಚಿವುಟಿದರೆ ಪಕ್ಕದಲ್ಲಿ ಎರಡು ಚಿಗುರು ಬರುತ್ತದೆ. "ಆತುರ ಬೇಡ" ಎಂದಳು. "ಕೋಪ ಬಿಸಿ ಇರುವಾಗ ಹೋದ್ರೆ ಕಡ್ಡಿ ಬಾಡುತ್ತೆ. ತೀರ ತಣ್ಣಗಾದ ಮೇಲೆ ಹೋದ್ರೆ ಬೇರೇ ಬಿಡಲ್ಲ."

"ಹದ ಗೊತ್ತಾಗೋದು ಹೇಗೆ?"

"ಈಗ ಕೂತಲ್ಲಿ ನಿಂತಲ್ಲಿ ಒಳ್ಳೊಳ್ಳೇ ಮಾತು ಹೊಳೀತಾ ಇದೆಯಲ್ಲ, 'ಛೆ, ಇದನ್ನ ಅಂದುಬಿಡಬೇಕಿತ್ತು' ಅಂತ?"

"ಹೂಂ."

"ಅದರಲ್ಲಿ ಎಲ್ಲಕ್ಕಿಂತ ಚೂಪಾದ್ದು ಹೊಳೆದು, 'ಸದ್ಯ, ಇದನ್ನ ಅನ್ನಲಿಲ್ಲವಲ್ಲ' ಅಂತ ಅನ್ನಿಸಿದ ದಿನ ಹೋಗು."

ದೇವೀರಮ್ಮ ಕಾದಳು. ಮಾತುಗಳು ಹೊಳೆಯುತ್ತಲೇ ಇದ್ದವು. ಪಾತ್ರೆ ತೊಳೆಯುವಾಗ ಒಂದು, ಬಸಳೆ ಬಿಡಿಸುವಾಗ ಒಂದು. ಒಂಬತ್ತನೆಯ ದಿನ, ಬಾವಿಕಟ್ಟೆಯ ಮೇಲೆ ಕೊಡ ಇಟ್ಟು ನಿಂತಾಗ, ಎಲ್ಲಕ್ಕಿಂತ ಚೂಪಾದ ಮಾತು ಹೊಳೆಯಿತು. ಅದು ಏನೆಂದು ಅವಳು ಯಾರಿಗೂ ಹೇಳಲಿಲ್ಲ, ಶಂಭಯ್ಯನಿಗೂ ಹೇಳಲಿಲ್ಲ. 'ಸದ್ಯ, ಅನ್ನಲಿಲ್ಲವಲ್ಲ' ಎಂದು ಬಾಯಿ ಮುಚ್ಚಿಕೊಂಡಳು. ಕೊಡವನ್ನು ಅಲ್ಲಿಯೇ ಬಿಟ್ಟು, ಒದ್ದೆ ಸೆರಗಿನಲ್ಲೇ ಕೆರೆಯ ಏರಿ ಹತ್ತಿದಳು.

ಬೀಗಿತಿ ಬಾಗಿಲಲ್ಲಿ ನಿಂತಿದ್ದಳು. ಏನು ಬಂದಿರಿ ಎಂದು ಕೇಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟು, ತಾನು ಕೇರಿಯ ಕಡೆ ಹೊರಟುಹೋದಳು. ಅಂಥ ಸಮಯದಲ್ಲಿ ಮೂರನೆಯವರು ಇರಬಾರದು.

ಪಡಸಾಲೆಯ ನಡುವೆ ಒಂದು ಮರದ ಕಂಬ. ಮಾತು ಬಿಟ್ಟವರು ಕಡ್ಡಿ ಕೈಬದಲಾಗುವ ತನಕ ನೇರವಾಗಿ ಮಾತಾಡುವಂತಿರಲಿಲ್ಲ. ಹೇಳುವುದನ್ನೆಲ್ಲ ಕಂಬಕ್ಕೆ ಹೇಳಬೇಕು. ಊರಿನ ಕಂಬಗಳೆಲ್ಲ ಎದೆಮಟ್ಟದಲ್ಲಿ ಅಷ್ಟು ನುಣುಪಾಗಿದ್ದದ್ದು ಅದಕ್ಕೇ. ದೇವೀರಮ್ಮ ಕಂಬದ ಈಚೆ ನಿಂತಳು. ಹೊನ್ನಿ ಒಳಗಿನಿಂದ ಬಂದು ಆಚೆ ನಿಂತಳು. ಹೊಟ್ಟೆ ಮುಂದಕ್ಕೆ ಬಂದಿತ್ತು. ಕಂಬ ಮರೆಮಾಡಿದ್ದು ಅವಳ ಮುಖವನ್ನು ಮಾತ್ರ.

"ಕಂಬವೇ" ಎಂದಳು ದೇವೀರಮ್ಮ. ಅವಳು ಕಂಬಕ್ಕೆ ಮಾತಾಡಿದ್ದು ಅದೇ ಮೊದಲು, ಹಾಗಾಗಿ ಅದಕ್ಕೆ ನಮಸ್ಕಾರವನ್ನೂ ಮಾಡಿದಳು. "ಆ ಮರಿ ವಿಷಯ ನಂಗೆ ನೆನಪಿದೆ. ಬಲ ಕಿವಿ ಬಿಳಿ ಇತ್ತು. ಅದು ಕೂಗಿದ್ದೂ ಕೇಳಿಸ್ತು. ಕೊಡಲ್ಲ ಅಂದ್ರೆ ಅವರ ಮುಖ ಸಣ್ಣಗಾಗುತ್ತಲ್ಲ ಅಂತ ಹೆದರಿಕೆ ಆಯ್ತು. ಊರಿನವರು ನನ್ನನ್ನ ಒಳ್ಳೆಯೋಳು ಅಂತಾರೆ. ಒಳ್ಳೆಯೋಳಲ್ಲ ಕಂಬವೇ, ಹೆದರುಪುಕ್ಕಿ. ಪರರ ಮುಖ ಸಣ್ಣಗಾಗಬಾರದು ಅಂತ ನನ್ನ ಮಗಳ ಮುಖ ಸಣ್ಣಗೆ ಮಾಡಿದೆ. ಅವಳು ನನ್ನವಳೇ ಅಲ್ವಾ, ತಡ್ಕೋತಾಳೆ ಅಂದ್ಕೊಂಡೆ."

ಕಂಬದ ಆಚೆ ಮೂಗು ಸೇದಿದ ಸದ್ದಾಯಿತು. ಆಮೇಲೆ ಹೊನ್ನಿ ಹೇಳಿದಳು:

"ಕಂಬವೇ, ಈ ಮನೇಲಿ ನಾನು ಚೆನ್ನಾಗೇ ಇದ್ದೀನಿ ಅಂತ ಅವ್ವನಿಗೆ ಹೇಳು. ಕೇಳಿದ್ರೂ ನಾನು ಹೂಂ ಅಂತಲೇ ಅಂತಿದ್ದೆ. ಆದ್ರೆ ಕೇಳಬೇಕಿತ್ತು. ಇನ್ನೊಂದು ಹೇಳು. ಅವತ್ತು ಕೂಗಿದಳಲ್ಲ, ಹೋಗು ಅಂತ. ದಾರಿ ಉದ್ದಕ್ಕೂ ಅತ್ತೆ. ಆದ್ರೆ ಅರ್ಧ ಏರಿ ದಾಟುವಾಗ ಒಂದು ಅನ್ನಿಸ್ತು. ನನ್ನ ಅವ್ವ ಇಡೀ ಊರಿಗೆ ನಗು ಕೊಟ್ಟಿದ್ದಾಳೆ. ಸಿಟ್ಟು ಕೊಟ್ಟಿದ್ದು ನನಗೊಬ್ಬಳಿಗೇ."

ಹೇಳಿ ಅವಳು ಹಿತ್ತಿಲಿಗೆ ನಡೆದಳು. ದೇವೀರಮ್ಮ ಹಿಂದೆ ಹೋದಳು. ಗೋಡೆಯ ನೆರಳಿನಲ್ಲಿ ಪುದೀನ ಮಂಡಿಯೆತ್ತರಕ್ಕೆ ಬೆಳೆದಿತ್ತು. ಹೊನ್ನಿ ಬಗ್ಗಲು ನೋಡಿದಳು, ಹೊಟ್ಟೆ ಬಿಡಲಿಲ್ಲ. ದೇವೀರಮ್ಮ ಮುಂದೆ ಬಂದಳು. ಹೊನ್ನಿ ಕೈ ಅಡ್ಡ ಹಿಡಿದು ತಡೆದಳು. ಕೊಡುವವರ ಉಗುರೇ ಚಿವುಟಬೇಕು. ಗೋಡೆ ಹಿಡಿದು, ಉಸಿರು ಬಿಡುತ್ತ, ಒಂದು ಕಾಲು ಮಡಿಸಿ, ಇನ್ನೊಂದು ಕಾಲು ಚಾಚಿ, ಅವಳು ನೆಲದ ಮೇಲೆ ಕುಳಿತೇಬಿಟ್ಟಳು. ಕುಳಿತವಳು ಅವಸರ ಮಾಡಲಿಲ್ಲ. ಒಂದೊಂದೇ ಕಡ್ಡಿಯನ್ನು ಹಿಡಿದು ನೋಡಿದಳು. ಹೂ ಬಂದದ್ದನ್ನು ಬಿಟ್ಟಳು, ಬಲಿತು ಮರಗಟ್ಟಿದ್ದನ್ನು ಬಿಟ್ಟಳು. ಗೇಣುದ್ದದ ಒಂದು ಎಳೆಯ ಕಡ್ಡಿಯನ್ನು ಗಿಣ್ಣಿನ ಕೆಳಗೆ ಚಿವುಟಿ, ಕೆಳಗಿನ ಎಲೆಗಳನ್ನು ಬಿಡಿಸಿ, ಅವ್ವನ ಅಂಗೈಯಲ್ಲಿ ಇಟ್ಟಳು.

"ತಗೋ" ಎಂದಳು.

ಆಮೇಲೆ ಅವಳನ್ನು ನೆಲದಿಂದ ಎಬ್ಬಿಸುವುದು ಸುಲಭವಾಗಲಿಲ್ಲ. ದೇವೀರಮ್ಮ ಎರಡೂ ಕೈ ಹಿಡಿದು ಎಳೆದಳು. ಎಳೆಯುತ್ತ ಎಳೆಯುತ್ತ ತಾನೂ ಜಾರಿ ಪಕ್ಕದಲ್ಲಿ ಕುಳಿತಳು. ಬೀಗಿತಿ ತಿರುಗಿ ಬಂದಾಗ ತಾಯಿ ಮಗಳು ಇಬ್ಬರೂ ಪುದೀನದ ನಡುವೆ ಕುಳಿತು, ಏಳಲಾರದೆ, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಕಡ್ಡಿಯನ್ನು ದೇವೀರಮ್ಮ ಒದ್ದೆ ಸೆರಗಿನಲ್ಲಿ ಸುತ್ತಿ ತಂದಳು. ಲೋಟದ ನೀರಿನಲ್ಲಿ ಕಿಟಕಿಯ ಹತ್ತಿರ ನಿಲ್ಲಿಸಿದಳು. ಮೊದಲ ದಿನ ಬಾಡಿತು. ಎರಡನೆಯ ದಿನ ಇನ್ನೂ ಬಾಡಿತು. ದೇವೀರಮ್ಮ ದಿನಕ್ಕೊಮ್ಮೆ ನೀರು ಬದಲಿಸಿದಳು, ಹೊತ್ತಿಗೊಮ್ಮೆ ಬಂದು ನೋಡಿದಳು. ಮೂರನೆಯ ದಿನ ಕಪ್ಪಾಗಲಿಲ್ಲ. ನಾಲ್ಕನೆಯ ದಿನ ತಲೆಯೆತ್ತಿತು. ಆರನೆಯ ದಿನ ಬೆಳಗ್ಗೆ ಶಂಭಯ್ಯ ಲೋಟವನ್ನು ಬೆಳಕಿಗೆ ಹಿಡಿದು, "ಏ, ಬಾ ಇಲ್ಲಿ" ಎಂದು ಪಿಸುಗುಟ್ಟಿದ, ಗಟ್ಟಿಯಾಗಿ ಹೇಳಿದರೆ ಹೆದರಿ ಒಳಗೆ ಹೋದಾವೆಂಬಂತೆ. ಗಿಣ್ಣಿನ ಸುತ್ತ ಬಿಳಿ ನೂಲಿನೆಳೆಯಂಥ ನಾಲ್ಕು ಬೇರು.

ಬಚ್ಚಲ ಪಕ್ಕದ ಆ ಮೂಲೆಯಲ್ಲಿ ಗೊಬ್ಬರ ಬೆರೆಸಿದ ಮಣ್ಣಿಗೆ ಕಡ್ಡಿ ಇಳಿಯಿತು. ಮಣ್ಣು ಈ ಸಲ ಹಟ ಮಾಡಲಿಲ್ಲ. ಹತ್ತು ದಿನಕ್ಕೆ ಚಿಗುರು, ಇಪ್ಪತ್ತು ದಿನಕ್ಕೆ ಪಕ್ಕಕ್ಕೆ ಕೈಚಾಚಿದ ಬಳ್ಳಿಬೇರು. ಬಳೆ ತೊಡಿಸುವ ದಿನಕ್ಕೆ ಸರಿಯಾಗಿ ಒಂದು ಹಿಡಿ ಪುದೀನ. ಒಂದೇ ಹಿಡಿ.

ಹೊನ್ನಿ ಬಂದಳು. ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತಳು. ಬಂದ ಹೆಂಗಸರೆಲ್ಲ ಪಡಸಾಲೆಯಲ್ಲಿ ಹಾಡು ಹೇಳುತ್ತಿದ್ದರು. ದೇವೀರಮ್ಮ ಅಡುಗೆಮನೆಯಲ್ಲಿ ಚಟ್ನಿ ಅರೆದಳು. ಅರೆಯುವಾಗ ಎದ್ದ ಪರಿಮಳ ಹೊಗೆಗೂಡಿನಿಂದ ಹೊರಗೆ ಹೋಗಿ ಬೀದಿಯಲ್ಲಿ ನಡೆಯುತ್ತಿದ್ದವರನ್ನು ನಿಲ್ಲಿಸಿತು. ಗೋಡೆಗೆ ಮುಖ ಮಾಡಿ ಕುಳಿತಿದ್ದ ಮಕ್ಕಳಲ್ಲಿ ಒಂದು ತಿರುಗಿ ನೋಡಿ, "ಏನದು?" ಎಂದು ಕೇಳಿತಂತೆ.

ಹೊನ್ನಿ ರೊಟ್ಟಿಗೆ ಹಚ್ಚಿಕೊಂಡು ತಿಂದಳು, ಅನ್ನಕ್ಕೆ ಕಲಸಿಕೊಂಡು ತಿಂದಳು, ಕೊನೆಗೆ ಬೆರಳಿನಿಂದ ತೆಗೆದು ನೆಕ್ಕಿದಳು. ತಲೆಯೆತ್ತಲಿಲ್ಲ. ತಟ್ಟೆ ತೊಳೆದ ಹಾಗಾದ ಮೇಲೆ ಅದನ್ನು ಮುಂದಕ್ಕೆ ಹಿಡಿದಳು.

"ಅವ್ವ, ಇನ್ನೂ ಇದೆಯಾ?"

"ಇಲ್ಲ" ಎಂದಳು ದೇವೀರಮ್ಮ.

"ಒಂದು ಚೂರೂ ಇಲ್ವಾ?"

"ಇತ್ತು. ಚೆನ್ನಾಗಿತ್ತು. ಒಳಗೆ ನಿಂತುಕೊಂಡು ನಾನೇ ತಿಂದುಬಿಟ್ಟೆ."